ಗಾಳಿಗೆ ಬ್ರೇಕ್ ಕಲಿಸಿದವಳು

"ಬ್ರೇಕ್ ಒತ್ತಿ ಟೀಚರ್... ಬ್ರೇಕ್! ಬ್ರೇಕ್!"

"ಒತ್ತಿದ್ದೀನಮ್ಮಾ! ನಿಲ್ತಾನೇ ಇಲ್ವಲ್ಲ ಇದು!"

ಟೀಚರ್ ಒತ್ತಿದ್ದು ಬ್ರೇಕ್ ಆಗಿರಲಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತರಾಗಿ, ಈ ವಯಸ್ಸಿನಲ್ಲಿ ಕಾರು ಕಲಿತೇ ತೀರುತ್ತೇನೆಂದು ಹಟ ಹಿಡಿದು ಬಂದಿದ್ದ ಅವರ ಬಲಗಾಲು ಆಕ್ಸಿಲರೇಟರ್ ಮೇಲೆ ಬೇರು ಬಿಟ್ಟು ಕೂತಿತ್ತು.

ಇಳಿಜಾರು ರಸ್ತೆ. ಕೆಳಗೆ ಮಾರ್ಕೆಟ್. ಬೆಳಗಿನ ಹತ್ತು ಗಂಟೆಯ ಜನಜಂಗುಳಿ.

ಪಕ್ಕದ ಸೀಟಿನಲ್ಲಿದ್ದ ಅವಳು ತನ್ನ ಕಾಲ ಬಳಿಯ ಪೆಡಲ್ ಒತ್ತಿದಳು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರಿಗೂ ಒಂದು ಬ್ರೇಕ್ ಇರುತ್ತದೆ. ಆರು ವರ್ಷ ಎಷ್ಟೋ ಜನರ ಜೀವ ಕಾಪಾಡಿದ್ದ ಆ ಪೆಡಲ್ ಇವತ್ತು 'ಟಕ್' ಎಂದು ನೆಲಕ್ಕೆ ಒರಗಿತು. ವೈರ್ ಕಡಿದಿತ್ತು! ಹ್ಯಾಂಡ್‌ಬ್ರೇಕ್ ಎಳೆದಳು. ಕಾರು ಒಮ್ಮೆ ನಡುಗಿತೇ ಹೊರತು ನಿಲ್ಲಲಿಲ್ಲ.

ಮುಂದೆ ಕನ್ನಡಿ ಅಂಗಡಿ. ಫುಟ್‌ಪಾತಿನುದ್ದಕ್ಕೂ ನಿಲ್ಲಿಸಿದ್ದ ಆಳೆತ್ತರದ ಕನ್ನಡಿಗಳು. ಪ್ರತಿಯೊಂದರಲ್ಲೂ ಅವಳದೇ ಕಾರು ಅವಳ ಮೇಲೆ ನುಗ್ಗಿ ಬರುತ್ತಿತ್ತು.

ದೇವರೇ... ಮುಗೀತು!

ಅಷ್ಟರಲ್ಲಿ ಎಲ್ಲಿಂದಲೋ ಒಬ್ಬ ಕಾರಿನ ಜೊತೆಜೊತೆಗೇ ಓಡತೊಡಗಿದ. ಕಿಟಕಿಯೊಳಗೆ ಅರ್ಧ ಮೈ ತೂರಿಸಿ ಸ್ಟೇರಿಂಗ್ ಹಿಡಿದ.

"ಕಾಲು ಎತ್ತಿ ಅಮ್ಮಾ! ಎರಡೂ ಕಾಲು ಮೇಲಕ್ಕೆ!"

ಆ ದನಿಗೆ ಟೀಚರ್ ಶಾಲೆಯ ಮಗುವಿನಂತೆ ಎರಡೂ ಕಾಲೆತ್ತಿದರು. ಅವನು ಸ್ಟೇರಿಂಗನ್ನು ಒಂದೇ ಸಲ ಸುತ್ತಿಬಿಟ್ಟ. ಕಾರು ಕಿರುಚುತ್ತಾ ತಿರುಗಿತು, ಕಟ್ಟಡದ ಕೆಲಸಕ್ಕೆಂದು ಸುರಿದಿದ್ದ ಮರಳಿನ ಗುಡ್ಡೆಗೆ ಮೂತಿ ಹೂತು ನಿಂತಿತು.

ಮೊದಲ ಕನ್ನಡಿಗೆ ಒಂದೇ ಒಂದು ಗೇಣು ಉಳಿದಿತ್ತು.

ಅವಳು ಬಾಗಿಲು ತೆರೆದು ಇಳಿದಳು. ಬಾಯಿಂದ ಬಂದದ್ದು ಮಾತ್ರ ಥ್ಯಾಂಕ್ಸ್ ಅಲ್ಲ!

"ನಿಮಗೇನು ತಲೆ ಕೆಟ್ಟಿದೆಯಾ? ಓಡೋ ಕಾರಿಗೆ ಯಾರಾದ್ರೂ ಕೈ ಹಾಕ್ತಾರಾ?"

ಅವನು ಮರಳಿನಿಂದ ಎದ್ದ. ಮೊಣಕೈ ತರಚಿ ರಕ್ತ ಬಂದಿತ್ತು.

"ಓಡೋ ಕಾರಲ್ಲಿ ಕೂತಿದ್ದೋರು ನೀವು. ಆ ಪ್ರಶ್ನೆ ನಾನು ಕೇಳಬೇಕಿತ್ತು ಮೇಡಂ."

ಇಷ್ಟು ಹೇಳಿ ಅವನು ನಕ್ಕ. ಅವಳಿಗೆ ಮೈಯೆಲ್ಲ ಉರಿಯಿತು. ಉರಿಯ ಜೊತೆಗೆ ಇನ್ನೇನೋ... ಅದೇನೆಂದು ತಿಳಿಯುವಷ್ಟರಲ್ಲಿ ಅವನು ಜನರ ನಡುವೆ ಕರಗಿಹೋಗಿದ್ದ.

ಮರುದಿನ ಬೆಳಿಗ್ಗೆ ಅವನೇ ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ನಿಂತಿದ್ದ!

"ಕಾರು ಕಲಿಬೇಕು."

ಅವಳಿಗೆ ನಗು ತಡೆಯಲಾಗಲಿಲ್ಲ. "ನಿನ್ನೆ ಆ ಥರ ತಿರುಗಿಸಿದೋರಿಗೆ ನಾನು ಏನು ಕಲಿಸ್ಲಿ?"

"ಹಳೇ ಲೈಸೆನ್ಸ್ ರದ್ದಾಗಿದೆ. ಮೊದಲಿಂದ ಶುರು ಮಾಡ್ಬೇಕು."

ಮೇಜಿನ ಹಿಂದೆ ಕೂತಿದ್ದ ಅಪ್ಪ ಕನ್ನಡಕ ಸರಿಪಡಿಸಿಕೊಂಡರು. ಸ್ಕೂಲು ಕಟ್ಟಿದವರೇ ಅವರು. ಮಂಡಿ ನೋವು ಹೆಚ್ಚಾದ ಮೇಲೆ ಕಾರು ಬಿಟ್ಟು ಕುರ್ಚಿ ಹಿಡಿದಿದ್ದರು.

"ಯಾಕಪ್ಪಾ ರದ್ದಾಯ್ತು?"

ಅವನು ಸುತ್ತಿಬಳಸಲಿಲ್ಲ. "ಜೈಲಲ್ಲಿದ್ದೆ ಸಾರ್. ನಾಲ್ಕು ವರ್ಷ. ಕಳ್ಳತನ ಮಾಡೋರನ್ನ ಕಾರಲ್ಲಿ ಕೂರಿಸ್ಕೊಂಡು ಪರಾರಿ ಮಾಡಿಸೋದೇ ನನ್ನ ಕೆಲಸ ಆಗಿತ್ತು."

ಅಪ್ಪನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. "ಪೇಪರಲ್ಲಿ ಬಂದಿತ್ತಲ್ಲ... 'ಗಾಳಿ' ಅಂತ! ಅದು ನೀನೇನಾ?"

"ಹೌದು ಸಾರ್. ಈಗ ಬೇಕರಿಲಿ ಒಲೆ ಮುಂದೆ ಕೆಲಸ. ಲೈಸೆನ್ಸ್ ತಂದ್ರೆ ವ್ಯಾನ್ ಓಡಿಸೋಕೆ ಕೊಡ್ತೀನಿ ಅಂದಿದ್ದಾರೆ ಓನರ್."

"ಬೇರೆ ಸ್ಕೂಲ್ ನೋಡ್ಕೋ."

"ನೋಡಿದ್ದೀನಿ ಸಾರ್. ಇದು ಐದನೇದು."

ಅವನು ತಿರುಗಿ ಮೆಟ್ಟಿಲಿಳಿದ. ಬೇಡಿಕೊಳ್ಳಲಿಲ್ಲ. ನಿನ್ನೆ ನಿಮ್ಮ ಕಾರು ಉಳಿಸಿದೆ ಎಂದು ನೆನಪಿಸಲೂ ಇಲ್ಲ. ಅದೇ ಅವಳಿಗೆ ನಾಟಿತು.

"ನಿಂತ್ಕೊಳ್ಳಿ!" ಎಂದಳು. ದನಿ ತಾನಂದುಕೊಂಡಿದ್ದಕ್ಕಿಂತ ಜೋರಾಗಿತ್ತು.

"ಪುಟ್ಟೀ," ಅಪ್ಪ ಗದರಿದರು. "ಕಳ್ಳನ ಕೈಗೆ ಕೀ ಕೊಡ್ತೀಯಾ?"

"ಅಪ್ಪಾ, ನಿನ್ನೆ ಇವರು ಕೈ ಹಾಕದೇ ಇದ್ದಿದ್ರೆ ಕೀ ಇರ್ತಿತ್ತು, ಕಾರು ಇರ್ತಿರ್ಲಿಲ್ಲ. ನಾನೂ ಇರ್ತಿರ್ಲಿಲ್ಲವೇನೋ!"

ಅಪ್ಪ ಮುಖ ತಿರುಗಿಸಿದರು. ಆದರೆ ಅರ್ಜಿ ಫಾರಮನ್ನು ಮೇಜಿನ ಈಚೆಗೆ ತಳ್ಳಿದರು.

ಹೀಗೆ ಊರಿನ ಅತಿ ವೇಗದ ಡ್ರೈವರ್, ಎಲ್ ಬೋರ್ಡ್ ಹಾಕಿದ ಕಾರಿನಲ್ಲಿ ಕಲಿಯುವವನಾಗಿ ಕೂತ!

ಅವನಿಗೆ ಕಾರು ಕಲಿಸುವುದು ಸುಲಭವಾಗಿರಲಿಲ್ಲ. ಬಾರದವರಿಗೆ ಕಲಿಸಬಹುದು. ವಿಪರೀತ ಬರುವವನಿಗೆ ಹೇಗೆ ಕಲಿಸುವುದು?

"ಸಿಗ್ನಲ್ ಕೆಂಪಿದೆ. ನಿಲ್ಲಿಸಿ."

"ಯಾರೂ ಇಲ್ವಲ್ಲ ಮೇಡಂ."

"ಯಾರೂ ಇಲ್ಲದಾಗ್ಲೂ ನಿಲ್ಲಿಸೋದನ್ನೇ ಡ್ರೈವಿಂಗ್ ಅನ್ನೋದು."

ಅವನು ನಿಲ್ಲಿಸಿದ. ನಿಂತಷ್ಟು ಹೊತ್ತೂ ಕಣ್ಣು ಮೇಲಿನ ಕನ್ನಡಿಯಲ್ಲೇ ಇತ್ತು. ಅವಳು ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಕೇಳಿಯೇಬಿಟ್ಟಳು.

"ಯಾರನ್ನ ಹುಡುಕ್ತಿದ್ದೀರಾ ಹಿಂದೆ?"

"ಅಭ್ಯಾಸ ಮೇಡಂ. ಯಾರಾದ್ರೂ ಬೆನ್ನು ಹತ್ತಿದ್ದಾರಾ ಅಂತ..."

"ಕನ್ನಡಿ ಇರೋದು ಹಿಂದೆ ಬರೋರಿಗೆ ದಾರಿ ಬಿಡೋಕೆ. ಅವರಿಂದ ತಪ್ಪಿಸ್ಕೊಳ್ಳೋಕಲ್ಲ."

ಅವನು ಅವಳನ್ನೇ ನೋಡಿದ. ಹಸಿರು ಬಿತ್ತು. ಹಿಂದಿನವರು ಹಾರ್ನ್ ಹೊಡೆದರು. ಊರನ್ನೇ ಹಿಂದೆ ಹಾಕಿದ್ದವನು ಮೊದಲ ಸಲ ಗೇರ್ ಹಾಕಲು ಮರೆತ!

ಎರಡನೆಯ ವಾರದಿಂದ ಅವನು ಬರುವಾಗ ಪೇಪರಿನಲ್ಲಿ ಸುತ್ತಿದ ಬಿಸಿ ಬನ್ ತರತೊಡಗಿದ. ಒಂದು ದಿನ ಪೊಟ್ಟಣ ಕೊಡುವಾಗ ಮಣಿಕಟ್ಟಿನ ಮೇಲೆ ಸುಟ್ಟ ಬೊಬ್ಬೆ ಕಂಡಿತು.

"ಏನಿದು?"

"ಒಲೆ ಹತ್ರ... ಏನಿಲ್ಲ ಬಿಡಿ."

"ಏನಿಲ್ಲ ಅಂದ್ರೆ? ಕೈ ಕೊಡಿ ಇಲ್ಲಿ!"

ಕಾರಿನ ಔಷಧಿ ಡಬ್ಬಿಯಿಂದ ಮುಲಾಮು ತೆಗೆದು ಹಚ್ಚಿದಳು. ಅವನು ಉಸಿರು ಬಿಗಿಹಿಡಿದು ಕೂತಿದ್ದ. ನೋವಿಗಲ್ಲ. ಅಷ್ಟು ಮೆಲ್ಲಗೆ ತನ್ನನ್ನು ಯಾರಾದರೂ ಮುಟ್ಟಿ ಎಷ್ಟು ವರ್ಷವಾಯಿತೆಂದು ಅವನಿಗೇ ನೆನಪಿರಲಿಲ್ಲ.

"ಯಾಕೆ ಹೋದ್ರಿ ಅಂಥವರ ಜೊತೆ?" ಬೊಬ್ಬೆಯ ಮೇಲೇ ಕಣ್ಣಿಟ್ಟು ಕೇಳಿದಳು.

"ಬಡತನಕ್ಕೆ ಅಂತ ಹೇಳಬಹುದಿತ್ತು. ಸುಳ್ಳಾಗತ್ತೆ. 'ದೊಡ್ಡಣ್ಣ' ಅಂತ ಒಬ್ಬ ಇದ್ದಾನೆ, ಗುಂಪಿಗೆಲ್ಲ ಅವನೇ ಯಜಮಾನ. ನಿನ್ನ ಥರ ಓಡಿಸೋನು ಈ ಊರಲ್ಲೇ ಇಲ್ಲ ಕಣೋ ಅಂದ. ಜೀವನದಲ್ಲಿ ಮೊದಲ ಸಲ ಯಾರೋ ಹೊಗಳಿದ್ರು ಮೇಡಂ. ಅಷ್ಟಕ್ಕೇ ಕರಗಿಬಿಟ್ಟೆ."

"ಸಿಕ್ಕಿಬಿದ್ದಿದ್ದು ಹೇಗೆ? ಗಾಳಿ ಅಲ್ವಾ ನೀವು?"

"ಸೈಕಲ್ಲಲ್ಲಿ ಒಬ್ರು ಅಡ್ಡ ಬಂದ್ರು. ನನ್ನ ಕಾರೇ ತಗುಲಿ ಬಿದ್ರು. ಮಿಕ್ಕೋರು ಇಳಿದು ಓಡಿದ್ರು. ನನಗೆ ಓಡೋಕಾಗ್ಲಿಲ್ಲ. ಅವರನ್ನ ಎತ್ತಿ ಕೂರಿಸೋ ಹೊತ್ತಿಗೆ ಪೊಲೀಸ್ ಬಂದಿದ್ರು. ಅವರ ಕಾಲು ಸರಿ ಹೋಯ್ತಂತೆ... ಆದ್ರೂ ಆ ಶಬ್ದ ಈಗ್ಲೂ ಕೇಳಿಸತ್ತೆ."

ಮುಲಾಮು ಹಚ್ಚಿ ಮುಗಿದಿತ್ತು. ಅವಳು ಕೈ ಬಿಟ್ಟಿರಲಿಲ್ಲ.

*ಹುಚ್ಚೀ, ಬಿಡು... ಅಪ್ಪ ಕಿಟಕಿಯಿಂದ ನೋಡ್ತಿದ್ದಾರೆ!*

ಡ್ರೈವಿಂಗ್ ಟೆಸ್ಟಿನ ಹಿಂದಿನ ದಿನ. ಮಧ್ಯಾಹ್ನ ಬಸ್ಸಿನಲ್ಲಿ ಬರುತ್ತಿದ್ದ ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಬೇಕರಿಯ ಪಕ್ಕದ ಓಣಿಯಲ್ಲಿ ಕಪ್ಪು ಕಾರು. ಅದಕ್ಕೆ ಒರಗಿ ನಿಂತ ದಪ್ಪ ಮೀಸೆಯ ಮನುಷ್ಯ ಅವನ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದ. ಅವನು ಹೂಂ ಎಂದು ತಲೆಯಾಡಿಸುತ್ತಿದ್ದ!

ಸಂಜೆಯ ಕ್ಲಾಸಿನಲ್ಲಿ ಕೇಳಿದಳು. "ಮಧ್ಯಾಹ್ನ ಯಾರದು ನಿಮ್ಮ ಜೊತೆ?"

"ಹಳೇ ಪರಿಚಯ."

"ದೊಡ್ಡಣ್ಣನಾ?"

ಅವನು ಗೇರ್ ಬದಲಿಸಿದ. "ನಾಳೆ ಬೆಳಿಗ್ಗೆ ಟೀಚರ್ ಕ್ಲಾಸ್ ಎಷ್ಟು ಗಂಟೆಗೆ ಮೇಡಂ? ಎಂದಿನ ರಸ್ತೇಲೇನಾ?" ಎಂದ.

"ಹನ್ನೊಂದೂವರೆಗೆ. ಯಾಕೆ?"

"ಸುಮ್ಮನೆ."

ಅವಳ ಎದೆಯಲ್ಲಿ ಮುಳ್ಳೊಂದು ಮುರಿದಂತಾಯಿತು. ಸುಮ್ಮನೆ ಎಂಬ ಮಾತನ್ನು ಅವನು ಎಂದೂ ಸುಮ್ಮನೆ ಹೇಳಿದವನಲ್ಲ.

ಮರುದಿನ ಹನ್ನೊಂದು ಇಪ್ಪತ್ತಕ್ಕೆ ಅವಳು ಮಹಡಿಯ ಮನೆಯಿಂದ ಕೆಳಗಿಳಿದಾಗ ಸ್ಕೂಲಿನ ಮುಂದೆ ಕಾರು ಇರಲಿಲ್ಲ. ಟೀಚರ್ ಒಬ್ಬರೇ ಬ್ಯಾಗ್ ಹಿಡಿದು ನಿಂತಿದ್ದರು.

"ಇವತ್ತು ಕ್ಲಾಸ್ ಇಲ್ವಂತಲ್ಲಮ್ಮಾ? ನಿನ್ನ ಆ ಶಿಷ್ಯ ಹೇಳ್ದ. ನನಗೆ ಕೈ ಮುಗಿದು ಕಾರು ತಗೊಂಡು ಹೋದ. ಏನು ನೀಟಾಗಿ ರಿವರ್ಸ್ ತಗೊಂಡ ಅಂತೀಯಾ!"

ಅವಳು ಒಳಗೆ ಓಡಿದಳು. ಗೋಡೆಯ ಮೊಳೆಯಲ್ಲಿ ಕೀ ಇರಲಿಲ್ಲ. ಔಷಧಿಗೆಂದು ಪಕ್ಕದ ಅಂಗಡಿಗೆ ಹೋಗಿ ಬಂದ ಅಪ್ಪ ಆ ಖಾಲಿ ಮೊಳೆಯನ್ನು ನೋಡಿದರು. ಆಮೇಲೆ ಮಗಳ ಮುಖ ನೋಡಿದರು. ನಾನು ಹೇಳಿರಲಿಲ್ಲವಾ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು!

*ಬನ್ನು, ಬೊಬ್ಬೆ, ಸೈಕಲ್ಲಿನ ಕತೆ... ಎಲ್ಲಾ ಈ ಕೀಗೋಸ್ಕರನಾ? ನನ್ನನ್ನೂ ಇವನು ಕಾರಿನ ಥರ ಓಡಿಸಿಬಿಟ್ನಾ?*

"ನಾನು ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡ್ತೀನಿ ಅಪ್ಪಾ."

"ನಾನೂ ಬರ್ತೀನಿ," ಎಂದರು ಟೀಚರ್. "ಕೊನೇ ಸಲ ನೋಡಿದ್ದು ನಾನೇ ತಾನೇ? ಸಾಕ್ಷಿ ಬೇಕಾಗತ್ತೆ."

ಆಟೋದಲ್ಲಿ ದಾರಿಯುದ್ದಕ್ಕೂ ಅವಳು ಅತ್ತಳು. ಸ್ಟೇಷನ್ನಿನ ತಿರುವಿನಲ್ಲಿ ಕಣ್ಣೊರೆಸಿಕೊಂಡು ತಲೆಯೆತ್ತಿದಳು. ಎತ್ತಿದ ತಲೆ ಹಾಗೇ ನಿಂತಿತು.

ಸ್ಟೇಷನ್ನಿನ ಗೇಟಿನ ಮುಂದೆ, ಗೆರೆಯೊಳಗೆ ಅಚ್ಚುಕಟ್ಟಾಗಿ ನಿಲ್ಲಿಸಿದ್ದ ಕಾರು... ಅವಳದೇ!

"ಅಯ್ಯೋ, ಕಳ್ಳ ಇಲ್ಲಿಗೇ ತಂದು ನಿಲ್ಲಿಸಿದ್ದಾನಲ್ಲೇ!" ಎಂದರು ಟೀಚರ್.

ಒಳಗೆ ಬೆಂಚಿನ ಮೇಲೆ ಅವನು ಕೂತಿದ್ದ. ಅವಳನ್ನು ಕಂಡೊಡನೆ ಎದ್ದು ನಿಂತ. ಮೇಜಿನ ಆಚೆ ಇನ್‌ಸ್ಪೆಕ್ಟರಮ್ಮ ಫೋನ್ ಕೆಳಗಿಟ್ಟರು.

"ಕಾರು ನಿಮ್ಮದಾ?"

"ಹೌದು..."

"ಈ ಮನುಷ್ಯ ಹನ್ನೊಂದೂಕಾಲಿಗೆ ಕಾರು ತಂದು ನಿಲ್ಲಿಸಿ, ಕೀ ನನ್ನ ಮೇಜಿನ ಮೇಲಿಟ್ಟ. ಇವತ್ತು ಹನ್ನೆರಡಕ್ಕೆ ಮಾರ್ಕೆಟ್ ಹಿಂದಿನ ಒಡವೆ ಅಂಗಡಿಗೆ ನುಗ್ಗೋಕೆ ದೊಡ್ಡಣ್ಣನ ಗುಂಪು ರೆಡಿಯಾಗಿದೆ ಅಂತಾನೆ. ಓಡಿ ಹೋಗೋಕೆ ನಿಮ್ಮ ಕಾರು ಬೇಕಿತ್ತಂತೆ ಅವರಿಗೆ."

"ನನ್ನ ಕಾರಾ? ಈ ಹಳೇ ಕಾರಾ?!"

"ಎಲ್ ಬೋರ್ಡ್ ಹಾಕಿರೋ ಕಾರನ್ನ ಯಾರು ತಡೀತಾರೆ ಮೇಡಂ?" ಅವನು ಮೊದಲ ಸಲ ಬಾಯಿ ತೆರೆದ. "ಎಲ್ಲರೂ ಪಾಪ ಅಂತ ದಾರಿ ಬಿಡ್ತಾರೆ. ಅದಕ್ಕೇ ಅವನ ಕಣ್ಣು ಬಿತ್ತು. ನೀನೇ ತಂದ್ರೆ ಸರಿ, ಇಲ್ದಿದ್ರೆ ಬೆಳಗಿನ ಕ್ಲಾಸಲ್ಲಿ ದಾರಿ ಮಧ್ಯೆ ಒಳಗಿರೋರನ್ನ ಎಳೆದುಹಾಕಿ ತರಿಸ್ತೀನಿ ಅಂದ. ನೀವೂ ಟೀಚರೂ ಇರ್ತಿದ್ರಿ ಒಳಗೆ. ನಾನು ಹೂಂ ಅಂದೆ."

"ನನಗೆ ಹೇಳಬಹುದಿತ್ತಲ್ಲ!" ಅವಳ ದನಿ ಒಡೆಯಿತು.

"ಹೇಳಿದ್ರೆ ನೀವು ಸುಮ್ಮನಿರ್ತಿದ್ರಾ? ದೊಡ್ಡಣ್ಣನ ಎದುರು ಸೊಂಟಕ್ಕೆ ಕೈ ಕೊಟ್ಟು ಜಗಳಕ್ಕೆ ನಿಲ್ತಿದ್ರಿ. ನನಗೆ ಗೊತ್ತಿಲ್ವಾ ನಿಮ್ಮನ್ನ?"

ಇನ್‌ಸ್ಪೆಕ್ಟರಮ್ಮ ಮಧ್ಯೆ ಬಂದರು. "ಮಫ್ತಿಯಲ್ಲಿ ನಮ್ಮೋರು ಅಂಗಡಿ ಹತ್ರ ಹೋಗಿದ್ದಾರೆ. ಅದು ಒಂದು ಕಡೆ. ಇನ್ನೊಂದು ಕಡೆ, ಇವನು ಜೈಲಿಂದ ಬಂದು ಮೂರು ತಿಂಗಳಾಗಿಲ್ಲ. ಬೇರೆಯವರ ಕಾರು ಕೇಳದೆ ತಂದಿದ್ದಾನೆ. ನೀವು ಕಳುವಾಗಿದೆ ಅಂತ ಬರೆದುಕೊಟ್ರೆ ನಾನು ಕೇಸ್ ಹಾಕ್ಲೇಬೇಕು. ಹೇಳಿ, ಏನಕ್ಕೆ ಬಂದ್ರಿ?"

ಬಿಳಿ ಹಾಳೆಯೊಂದನ್ನು ಅವಳ ಮುಂದಿಟ್ಟರು.

ಅವನು ಅವಳ ಕಡೆ ನೋಡಲಿಲ್ಲ. ಹೀಗೆ ಮಾಡಿ ಎಂದು ಕಣ್ಣಲ್ಲೂ ಕೇಳಲಿಲ್ಲ. ಮತ್ತೆ ಒಳಗೆ ಹೋಗಬೇಕಾಗಬಹುದೆಂದು ಗೊತ್ತಿದ್ದೇ ಕಾರನ್ನು ಇಲ್ಲಿಗೆ ತಂದಿದ್ದ. ತಾನು ಇಲ್ಲಿಗೆ ಬಂದದ್ದು ಅವನನ್ನು ಹಿಡಿದುಕೊಡಲು... ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಕಾರು ಕಳುವಾಗಿಲ್ಲ," ಎಂದಳು. "ಇವರು ತಂದಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಹೇಗೆ ಬೇಕಾದ್ರೂ ಬರೆದುಕೊಡ್ತೀನಿ."

"ಕಲಿಯೋರು ಓಡಿಸುವಾಗ ಕಲಿಸೋರು ಪಕ್ಕದಲ್ಲಿ ಇರಬೇಕಲ್ಲ? ನೀವೆಲ್ಲಿದ್ರಿ?"

"ಪಕ್ಕದಲ್ಲೇ ಇರಬೇಕಿತ್ತು ಮೇಡಂ." ಅವಳು ಅವನನ್ನು ನೋಡುತ್ತಾ ಹೇಳಿದಳು. ಕಣ್ಣೀರು ಕೆನ್ನೆ ದಾಟಿ ಇಳಿಯಿತು. "ನಾನೇ ತಡ ಮಾಡಿದೆ. ಇನ್ಮೇಲೆ ಮಾಡಲ್ಲ."

ಅವನು ತಲೆ ತಗ್ಗಿಸಿದ. ಹೆಗಲು ನಡುಗುತ್ತಿತ್ತು. ನಾಲ್ಕು ವರ್ಷ ಜೈಲಿನಲ್ಲಿ ಅಳದವನು!

ಇನ್‌ಸ್ಪೆಕ್ಟರಮ್ಮ ಒಂದು ಕ್ಷಣ ಇಬ್ಬರನ್ನೂ ನೋಡಿ ಹಾಳೆಯನ್ನು ಡ್ರಾಯರಿಗೆ ಹಾಕಿದರು. "ಅವನ ಹೇಳಿಕೆ ಬರೆದುಕೊಂಡಾಗಿದೆ. ಒಬ್ಬನೇ ಓಡಿಸಿದ್ದಕ್ಕೆ ಎಚ್ಚರಿಕೆ ಕೊಡ್ತಿದ್ದೀನಿ. ಕರೆದಾಗ ಬರಬೇಕು. ಈಗ ಹೊರಡಿ."

"ಅಯ್ಯೋ! ಟೆಸ್ಟು!" ಟೀಚರ್ ಗಡಿಯಾರ ನೋಡಿ ಕಿರುಚಿದರು. "ಹನ್ನೆರಡೂವರೆಗಲ್ವಾ ಇವನ ಟೆಸ್ಟು?"

ಇಪ್ಪತ್ತು ನಿಮಿಷ ಉಳಿದಿತ್ತು!

ಮೂವರೂ ಕಾರಿಗೆ ಓಡಿದರು. ಸ್ಟೇರಿಂಗ್ ಹಿಡಿದದ್ದು ಅವಳು. ತಿರುವುಗಳಲ್ಲಿ ಅವಳು ಕಾರು ನುಗ್ಗಿಸಿದ ರೀತಿಗೆ ಹಿಂದಿನ ಸೀಟಿನಲ್ಲಿ ಟೀಚರ್ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಉರುಳಿದರು.

"ಮೇಡಂ, ನಿಧಾನ!"

"ಸುಮ್ನಿರಿ!"

"ಮೇಡಂ, ಅದು ಹಳದಿ! ನಿಲ್ಲಿಸಬೇಕು!"

ಅವಳು ನಿಲ್ಲಿಸಿದಳು. ಹಲ್ಲು ಕಚ್ಚಿಕೊಂಡು ನಿಲ್ಲಿಸಿದಳು. ಪಕ್ಕದಲ್ಲಿ ಅವನು ನಗು ತಡೆಯಲಾಗದೆ ಕಿಟಕಿ ಕಡೆ ತಿರುಗಿದ.

ಟೆಸ್ಟಿನ ಮೈದಾನ ತಲುಪಿದಾಗ ಹನ್ನೆರಡು ಇಪ್ಪತ್ತೇಳು. ಗೇಟಿನಲ್ಲಿದ್ದ ಗುಮಾಸ್ತ ಕೈ ಚಾಚಿದ. "ಕಾಗದಪತ್ರ?"

ಅವಳ ಜೀವ ಬಾಯಿಗೆ ಬಂತು. ಫೈಲು ಸ್ಕೂಲಿನ ಮೇಜಿನ ಮೇಲೇ ಇತ್ತು!

ಆಗ ಗೇಟಿನ ಪಕ್ಕ ನಿಂತಿದ್ದ ಆಟೋದಿಂದ ಒಂದು ಊರುಗೋಲು ಹೊರಬಂತು. ಅದರ ಹಿಂದೆ ಅಪ್ಪ. ಕಂಕುಳಲ್ಲಿ ಅದೇ ಫೈಲು.

"ಸ್ಟೇಷನ್ನಿಗೆ ಫೋನ್ ಮಾಡಿದ್ದೆ. ಇನ್‌ಸ್ಪೆಕ್ಟರಮ್ಮ ಎಲ್ಲಾ ಹೇಳಿದ್ರು." ಅಪ್ಪ ಏದುಸಿರು ಬಿಡುತ್ತಾ ಫೈಲನ್ನು ನೇರ ಅವನ ಕೈಗಿಟ್ಟರು. "ಸ್ವಂತ ಕಾಗದ ಮರೆತು ಬರೋನು ಎಂಥಾ ಕಳ್ಳನೋ ನೀನು! ಹೋಗು, ಹೋಗು!"

ಅವನು ಮೈದಾನಕ್ಕಿಳಿದ. ಎಂಟರ ಆಕಾರದ ದಾರಿಯಲ್ಲಿ ಕಾರು ನೀರಿನಂತೆ ಹರಿಯಿತು. ದಿಬ್ಬದ ಮೇಲೆ ನಿಂತು, ಒಂದು ಬೆರಳಿನಷ್ಟೂ ಹಿಂದಕ್ಕೆ ಜಾರದೆ ಹೊರಟಿತು. ಕಂಬಿಯ ಈಚೆ ನಿಂತ ಅವಳು ಉಸಿರು ಬಿಡುವುದನ್ನೇ ಮರೆತಿದ್ದಳು.

ಅವಳ ಫೋನು ಮೊಳಗಿತು. ಇನ್‌ಸ್ಪೆಕ್ಟರಮ್ಮ!

"ಗುಂಪಿನ ನಾಲ್ಕೂ ಜನ ಸಿಕ್ಕಿಬಿದ್ರು. ದೊಡ್ಡಣ್ಣ ಓಣಿಯಲ್ಲಿ ನಿಂತು ಕಾರು ಇನ್ನೂ ಬಂದಿಲ್ಲ ಅಂತ ಬೈಕೊಳ್ತಿದ್ದನಂತೆ. ನಿಮ್ಮ ಶಿಷ್ಯನಿಗೆ ಹೇಳಿ, ಇನ್ನು ಹೆದರೋದು ಬೇಡ."

ಅದೇ ಹೊತ್ತಿಗೆ ಅಧಿಕಾರಿ ಕಾಗದಕ್ಕೆ ಸೀಲು ಒತ್ತಿದರು. "ಪಾಸು. ಇಷ್ಟು ಶಿಸ್ತಾಗಿ ಓಡಿಸೋರನ್ನ ನೋಡಿ ಬಹಳ ದಿನ ಆಗಿತ್ತು. ಯಾರಪ್ಪಾ ಕಲಿಸಿದ್ದು?"

ಅವನು ಅವಳತ್ತ ಕೈ ತೋರಿಸಿದ.

ಟೀಚರ್ ಚಪ್ಪಾಳೆ ತಟ್ಟಿ ಕುಣಿದೇಬಿಟ್ಟರು!

ಗೋಡೆಯ ಪಕ್ಕದ ಮರದ ನೆರಳಿಗೆ ಇಬ್ಬರೂ ಬಂದು ನಿಂತರು. ಅವಳು ಫೋನಿನ ಸುದ್ದಿ ಹೇಳಿದಳು. ಅವನು ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಬಿಟ್ಟ.

"ನನ್ನನ್ನ ಕ್ಷಮಿಸಿಬಿಡಿ," ಎಂದಳು. "ಅರ್ಧ ಗಂಟೆ ನಾನೂ ಎಲ್ಲರ ಥರ ನಿಮ್ಮನ್ನ ಕಳ್ಳ ಅಂದುಕೊಂಡೆ."

"ಅರ್ಧ ಗಂಟೆ ತಾನೇ? ಮಿಕ್ಕೋರು ಜೀವನಪೂರ್ತಿ ಅಂದುಕೊಳ್ತಾರೆ."

"ಅಂದುಕೊಳ್ಳಲಿ. ನನಗೆ ನೀವು ಇಷ್ಟ. ಬಹಳ ಇಷ್ಟ. ಯಾವಾಗಿಂದ ಅಂತ ಕೇಳಬೇಡಿ, ಮರಳು ಕೊಡವಿಕೊಂಡು ನಕ್ಕಿದ್ರಲ್ಲ... ಆಗ್ಲಿಂದಾನೇ ಇರಬೇಕು!"

ಅವನ ಮುಖ ಅರಳಿತು. ಅರಳಿದ ಹಾಗೇ ಬಾಡಿತು. "ಬೇಡ ಮೇಡಂ. ನನಗೂ ರಾತ್ರಿ ಹಗಲು ನಿಮ್ಮದೇ ಯೋಚನೆ. ಆದ್ರೆ ಜನ ನಿಮ್ಮನ್ನ ಏನಂತಾರೆ ಗೊತ್ತಾ? ಕಳ್ಳನ ಹೆಂಡ್ತಿ ಅಂತಾರೆ."

ಅವಳು ಕಣ್ಣರಳಿಸಿದಳು. "ಈಗ ಏನಂದ್ರಿ? ಹೆಂಡ್ತಿ ಅಂದ್ರಾ?"

"ಅದು... ಬಾಯಿ ತಪ್ಪಿ..."

"ಬಾಯಿ ತಪ್ಪಿ ಬಂದಿದ್ದನ್ನ ವಾಪಸ್ ತಗೋಬೇಡಿ. ದಮ್ಮಯ್ಯ."

ಗೇಟಿನ ಕಡೆಯಿಂದ ಅಪ್ಪನ ದನಿ ಕೇಳಿಸಿತು. "ಪುಟ್ಟೀ! ಮರದಡಿ ನಿಂತು ಅದೆಷ್ಟು ಹೊತ್ತು ಮಾತು? ಏನಿದ್ರೂ ಮನೆಗೆ ಬಂದು ನನ್ನ ಹತ್ರ ಮಾತಾಡು ಅನ್ನು ಅವನಿಗೆ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಕೇಳಿಸ್ತಾ?" ಅವಳು ಪಿಸುಗುಟ್ಟಿದಳು.

"ಕೇಳಿಸ್ತು."

"ಬರ್ತೀರಾ?"

"ಬರ್ತೀನಿ. ಒಂದು ನಿಮಿಷ ಕೊಡಿ... ಕೈ ನಡುಗ್ತಿದೆ."

ಅವಳು ಆ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. "ಈಗ?"

"ಇನ್ನೂ ಜಾಸ್ತಿ ಆಯ್ತು."

"ಹಾಗಾದ್ರೆ ಇನ್ನೊಂದು ನಿಮಿಷ ಹಿಡ್ಕೊಂಡಿರ್ತೀನಿ."

"ಒಂದೇ ನಿಮಿಷನಾ?" ಎಂದ ಅವನು, ಮಗುವಿನಂತೆ.